ಅತ್ತೆಯ ಮಂಡಿ, ಡಾಕ್ಟರ ಕೆಮ್ಮು

ನಮ್ಮೂರಿಗೆ ಯಾರಾದರೂ ಹೊಸಬರು ಬಂದು, ಅರ್ಧ ಗಂಟೆ ಜಗಲಿ ಮೇಲೆ ಕೂತು ಎದ್ದು ಹೋದರೆ, ಅವರು ಬಸ್ಸು ಹತ್ತುವುದರೊಳಗೆ ನಾನು ಅವರಾಗಿಬಿಡುತ್ತಿದ್ದೆ. ಅವರು ಪಂಚೆ ಎತ್ತಿ ಕಟ್ಟುವ ವರಸೆ, ಮೂಗು ಸೀಟುವ ಸದ್ದು, ಎರಡು ಮಾತಿಗೊಮ್ಮೆ ಬರುವ 'ಏನಪ್ಪಾ ಅಂದ್ರೆ', ಯಾವುದನ್ನೂ ಬಿಡುತ್ತಿರಲಿಲ್ಲ. ಇದರಲ್ಲಿ ಕಾಲು ಭಾಗ ಚುರುಕು ಓದಿನಲ್ಲಿ ಇದ್ದಿದ್ದರೆ ಪಿಯುಸಿ ಇಂಗ್ಲಿಷನ್ನು ಮೂರು ಸಲ ಕಟ್ಟಬೇಕಾಗಿರಲಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ನಾನು ಅದನ್ನೂ ನಮ್ಮಪ್ಪನ ದನಿಯಲ್ಲೇ ತಿರುಗಿ ಹೇಳಿ, ಚಪ್ಪಲಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿಕೊಂಡು ಓಡುತ್ತಿದ್ದೆ.

ನನ್ನ ಈ ವಿದ್ಯೆಗೆ ಎಲ್ಲರಿಗಿಂತ ಮೊದಲು ಬಿದ್ದು ಬಿದ್ದು ನಗುತ್ತಿದ್ದವಳು ನಮ್ಮ ಅತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಮ್ಮ ಮನೆಗೆ ಒತ್ತಿಕೊಂಡಿದ್ದ ಎರಡು ಅಂಕಣದ ಮನೆಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡಿದ್ದಳು. ಊರು ಪಾಂಡವಪುರದಿಂದ ಕ್ಯಾತನಹಳ್ಳಿಗೆ ಹೋಗುವ ರಸ್ತೆಯಲ್ಲಿ, ಎರಡೂ ಕಡೆ ಕಬ್ಬು. ಅತ್ತೆಯ ಗಂಡನ ಜಮೀನು ಭಾವನ ಹೆಸರಲ್ಲಿತ್ತು, ವಾಸದ ಮನೆ ನಮ್ಮಪ್ಪನ ಹೆಸರಲ್ಲಿತ್ತು. ಇಡೀ ಪ್ರಪಂಚದಲ್ಲಿ ಅವಳ ಹೆಸರು ಬರೆದಿದ್ದ ಒಂದೇ ಒಂದು ಪುಸ್ತಕ ಹಾಲಿನ ಡೇರಿಯದು. ಆ ಪುಸ್ತಕ ಇರುವ ತನಕ ತಮ್ಮನ ಹೆಂಡತಿಯ ಮುಂದೆ ತಟ್ಟೆ ಹಿಡಿಯಬೇಕಾಗಿಲ್ಲ ಎನ್ನುವುದು ಅವಳ ಲೆಕ್ಕ. ನಮ್ಮವ್ವ ಅಂಥವಳೇನಲ್ಲ. ಆದರೆ ಆ ಮಾತನ್ನು ಅತ್ತೆಗೆ ಹೇಳಿ ಒಪ್ಪಿಸುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ.

ಹಾಲು ಕರೆಯಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು, ಎರಡು ಮಂಡಿಯ ನಡುವೆ ಬಕೆಟ್ಟು ಅವುಚಿಕೊಳ್ಳಬೇಕು. ಬೆಳಿಗ್ಗೆ ಎರಡು ಹಸು, ಸಾಯಂಕಾಲ ಎರಡು ಹಸು. ಅರವತ್ತರ ಹತ್ತಿರ ಬಂದಾಗ ಅತ್ತೆಯ ಮಂಡಿಗಳು ಊದಿಕೊಂಡು ಎರಡು ಸಣ್ಣ ಕುಂಬಳಕಾಯಿಯಂತಾದವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಹಸುವಿನ ಬಾಲ ಹಿಡಿದುಕೊಂಡು ಏಳುವ ಒಂದು ಹೊಸ ಪದ್ಧತಿ ಕಂಡುಕೊಂಡಿದ್ದಳು. ಹಸು ಅದಕ್ಕೆ ಒಪ್ಪಿರಲಿಲ್ಲ.

ಹಾಗಾಗಿ ಒಂದು ದಿನ ಅವಳನ್ನು ಪಾಂಡವಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು. ಬೇರೆ ಯಾರಿಗೂ ಬಿಡುವಿರಲಿಲ್ಲ. ನನಗೆ ಬಿಡುವು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಆ ಡಾಕ್ಟರನ್ನು ನೋಡಿದ ಕೂಡಲೇ ನನ್ನ ಮೈ ಜುಮ್ಮೆಂದಿತು. ಎಂಥ ಸರಕು! ಪ್ರತಿ ವಾಕ್ಯಕ್ಕೂ ಮೊದಲು ಎರಡು ಸಲ, ಎರಡೇ ಸಲ, 'ಉಹ್ಹು ಉಹ್ಹು' ಎಂದು ಕೆಮ್ಮುತ್ತಿದ್ದರು. ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಪೆನ್ನಿನ ಹಿಂಬದಿಯಿಂದ ಮೇಲೆ ದೂಡುತ್ತಿದ್ದರು. ರೋಗಿಯ ಮುಖ ನೋಡುತ್ತಿರಲಿಲ್ಲ, ಎಲ್ಲ ಮಾತನ್ನೂ ಬರೆಯುವ ಚೀಟಿಗೇ ಹೇಳುತ್ತಿದ್ದರು. ಮಾತಿನ ಕೊನೆಯನ್ನು ನುಂಗಿ, ಮುಂದಿನ ಮಾತಿನ ಜೊತೆ ವಾಪಸು ತೆಗೆಯುತ್ತಿದ್ದರು. ನಾನು ಸ್ಟೂಲಿನ ಅಂಚಿಗೆ ಕೂತು ಒಂದೊಂದನ್ನೂ ಗುಟುಕರಿಸಿದೆ. ಅವರು ಅತ್ತೆಯ ಮಂಡಿ ಒತ್ತಿದರು, ಮಡಿಸಿದರು, ಕಿವಿಗೊಟ್ಟು ಕೇಳಿದರು. ಆಮೇಲೆ ಬರೆಯುತ್ತ ಬರೆಯುತ್ತ ತುಂಬ ಹೊತ್ತು ಏನೋ ಹೇಳಿದರು. ನಾನು ಕೆಮ್ಮು ಎಣಿಸುತ್ತಿದ್ದೆ.

ಹೊರಗೆ ಬಂದ ಕೂಡಲೇ ಅತ್ತೆ ಕೇಳಿದಳು. "ಏನಂದ್ರುಲಾ ಅವಯ್ಯ? ನಂಗೊಂದೂ ಗೊತ್ತಾಗ್ನಿಲ್ಲ."

ನಾನು ಅಲ್ಲೇ ರಸ್ತೆ ಬದಿಯಲ್ಲಿ, ಇಲ್ಲದ ಕನ್ನಡಕವನ್ನು ದೂಡಿಕೊಂಡು, ಅಂಗೈಯನ್ನೇ ಚೀಟಿ ಮಾಡಿಕೊಂಡು ಶುರು ಮಾಡಿದೆ. "ಉಹ್ಹು ಉಹ್ಹು. ವಯಸ್ಸಾಯ್ತಲ್ಲಮ್ಮಾ. ಉಹ್ಹು ಉಹ್ಹು. ಮೂಳೆ ಸವೆದದೆ, ಸವೆದದೆ..."

ಅತ್ತೆ ಲೈಟು ಕಂಬ ಹಿಡಿದುಕೊಂಡು ನಕ್ಕಳು. ಮಂಡಿ ನೋವಿನವಳು ಅಷ್ಟು ನಗಬಾರದು, ಕೂತುಬಿಡಬೇಕಾಗುತ್ತದೆ. ಕೂತೇ ಬಿಟ್ಟಳು. ಕಣ್ಣು ಒರೆಸಿಕೊಂಡು, "ಅದ್ಸರಿ, ಮಾತ್ರೆ ಎಂಗ್ ತಕ್ಕೋಬೇಕಂತೆ?" ಎಂದಳು.

ಆಗ ನನ್ನ ತಲೆಯಲ್ಲಿ ಹುಡುಕಿದೆ. ಕೆಮ್ಮು ಇತ್ತು. ಕನ್ನಡಕ ಇತ್ತು. ನುಂಗಿದ ಮಾತು ವಾಪಸು ಬರುವ ಲಯ ಇತ್ತು. ಮಾತು ಇರಲಿಲ್ಲ. ಆದರೆ ಪ್ರೇಕ್ಷಕರು ಕಾಯುತ್ತಿರುವಾಗ ನಟ ಸುಮ್ಮನೆ ನಿಲ್ಲುವಂತಿಲ್ಲವಲ್ಲ. "ಉಹ್ಹು ಉಹ್ಹು. ನೋವಾದಾಗ ಒಂದಮ್ಮಾ, ನೋವಾದಾಗ ಒಂದು."

ನಾಲ್ಕು ಪದ. ಡಾಕ್ಟರ ದನಿಯಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ, ನನಗೇ ಅದು ಅವರು ಹೇಳಿದ್ದೇ ಇರಬೇಕು ಅನ್ನಿಸಿತು.

ನೋವಾದಾಗ ಒಂದು ಎಂದರೆ ಅತ್ತೆಯ ಲೆಕ್ಕದಲ್ಲಿ ಹಸುವಿನ ಕೆಳಗೆ ಕೂರುವ ಮೊದಲು ಒಂದು. ಬೆಳಿಗ್ಗೆ ಐದಕ್ಕೆ, ಬರೀ ಹೊಟ್ಟೆಗೆ, ಒಂದು ಲೋಟ ಟೀ ಜೊತೆ. ಸಾಯಂಕಾಲ ಇನ್ನೊಂದು. ಮಾತ್ರೆ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ವಾರದೊಳಗೆ ಊತ ಇಳಿಯಿತು, ಹಸುವಿನ ಬಾಲಕ್ಕೆ ಬಿಡುಗಡೆಯಾಯಿತು. ಅತ್ತೆ ಡೇರಿಗೆ ಕ್ಯಾನು ಹಿಡಿದು ಸರಸರ ನಡೆದಳು. ಚೀಟಿ ಬರೆದ ಡಾಕ್ಟರಿಗಿಂತ, ಅವರ ದನಿಯಲ್ಲಿ ಹೇಳಿದ ನನಗೆ ಹೆಚ್ಚು ಆಶೀರ್ವಾದ ಸಿಕ್ಕಿತು.

ಚೀಟಿ ಮೊದಲ ತಿಂಗಳೇ ಮಡಿಕೆಯಲ್ಲಿ ಹರಿದುಹೋಯಿತು. ಅದು ಹರಿದದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪಾಂಡವಪುರಕ್ಕೆ ಹೋದಾಗ ಮಾತ್ರೆ ಮುಗಿದ ಖಾಲಿ ಹಾಳೆಯನ್ನು ಮೆಡಿಕಲ್ ಸ್ಟೋರಿನ ಗಾಜಿನ ಮೇಲೆ ಇಟ್ಟರೆ ಸಾಕು, ತುಂಬಿದ ಹಾಳೆ ಈ ಕಡೆ ಬರುತ್ತಿತ್ತು. ಸೋಪು ಕೊಂಡ ಹಾಗೆ. ಎರಡು ವರ್ಷ ಕೊಂಡೆ. ತಂದುಕೊಡುವವನು ನಾನೇ, ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಇದರ ಮೇಲೆ ಡೇರಿಯ ಸಾಲು. ಬೆಳಿಗ್ಗೆ ಆರಕ್ಕೆ ಕ್ಯಾನು ಇಟ್ಟುಕೊಂಡು ಹೆಂಗಸರು ನಿಲ್ಲುವ ಆ ಸಾಲು ನಮ್ಮೂರಿನ ಮೆಡಿಕಲ್ ಕಾಲೇಜು. ಅಲ್ಲಿ ಎಲ್ಲರೂ ಪ್ರೊಫೆಸರು, ಯಾರೂ ವಿದ್ಯಾರ್ಥಿ ಇಲ್ಲ. ಸೊಂಟದಲ್ಲಿ ಎಲೆಅಡಿಕೆ ಚೀಲ, ಆ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಮಾತ್ರೆ. ಎದುರಿಗೆ ಸಿಕ್ಕವರಿಗೆ ಎಲೆ ಕೊಡದೆ ತಾನೊಬ್ಬಳೇ ಹಾಕಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಮಾತ್ರೆಯೂ ಅದೇ ಚೀಲದಲ್ಲಿ ಇದ್ದದ್ದರಿಂದ ಅದಕ್ಕೂ ಅದೇ ಮರ್ಯಾದೆ ಬಂತು.

"ತಕ್ಕೊಳವ್ವೋ, ನಮ್ಮ ಅಳಿಯ ಮೈಸೂರಿಂದ ತಂದವ್ನೆ. ಕೆಂಪುದು. ನಿಂದು ಅಳದಿದು ಏನೂ ಸಾಲ್ದು."

"ಕೊಡು ನೋಡಾನ. ನಂದೂ ಒಂದ್ ಮಡಿಕ್ಕೊ."

"ಮಂಡಿಗೆ ಕೆಂಪುದು, ಸೊಂಟುಕ್ಕೆ ಅಳದಿದು ಕಣಕ್ಕಾ. ಎರಡೂ ಇದ್ರೆ ಎರಡೂ ಆಕ್ಕೊಬುಡು."

ಹಾಲು ಅಳೆಯುವ ಸೆಕ್ರೆಟ್ರಿ ಹಾಲಿಗೆ ನೀರು ಬೆರೆತರೆ ಮಾಪಕ ಅದ್ದಿ ಕಂಡುಹಿಡಿಯುತ್ತಿದ್ದ. ಹೊಟ್ಟೆಯಲ್ಲಿ ಏನು ಬೆರೆಯುತ್ತಿದೆ ಎಂದು ಅದ್ದಿ ನೋಡುವ ಮಾಪಕ ಅವನ ಹತ್ತಿರ ಇರಲಿಲ್ಲ.

ಅತ್ತೆಗೆ ಇನ್ನೂ ಒಂದು ವಿಶೇಷ. ಸೋಮವಾರ ಉಪವಾಸ, ಶನಿವಾರ ಒಪ್ಪತ್ತು. ಉಪವಾಸದ ದಿನ ಒಂದು ಅಗುಳೂ ಬಾಯಿಗೆ ಹೋಗದು, ಮಾತ್ರೆ ಹೋಗುತ್ತಿತ್ತು. ನಮ್ಮವ್ವ ಒಂದು ಸಲ ಕೇಳಿದ್ದಕ್ಕೆ, "ಅದೇನ್ ಊಟವೇನವ್ವಾ? ಔಸ್ತಿ. ಸಿವ ಔಸ್ತಿಗೆಲ್ಲ ಕೋಪ ಮಾಡ್ಕಳಲ್ಲ" ಎಂದಿದ್ದಳು. ಶಿವನ ಕಡೆಯಿಂದ ತಕರಾರು ಬರಲಿಲ್ಲ, ನಿಜ. ಹೊಟ್ಟೆಯ ಕಡೆಯಿಂದ ಬಂತು. ಉರಿ, ಹುಳಿತೇಗು. ಅದಕ್ಕೆ ಗ್ಯಾಸು ಎಂದು ಹೆಸರಿಟ್ಟು ಗೋಲಿಸೋಡ ಕುಡಿದಳು.

ಡಾಕ್ಟರ ಹತ್ತಿರ ಮತ್ತೊಮ್ಮೆ ಹೋಗೋಣ ಎಂದರೆ ಬರುತ್ತಿರಲಿಲ್ಲ. ಅವಳಿಗೆ ನಂಬಿಕೆ ಇದ್ದದ್ದು ಒಬ್ಬರೇ ಡಾಕ್ಟರ ಮೇಲೆ, ಹಸುವಿನ ಡಾಕ್ಟರ ಮೇಲೆ. ಧಾರವಾಡದ ಕಡೆಯವರು, ವಾರಕ್ಕೊಮ್ಮೆ ಮೊಪೆಡ್ಡಿನಲ್ಲಿ ಡೇರಿಗೆ ಬರುತ್ತಿದ್ದರು. ಅತ್ತೆಯ ವಾದ ಹೀಗಿತ್ತು. "ಹಸ ಬಾಯ್ಬುಟ್ಟು ಯೋಳಲ್ಲ. ಆದ್ರೂ ಅವಯ್ಯ ಎಲ್ಲಿ ನೋವು ಅಂತ ಕಂಡಿಡೀತರೆ. ಈ ಮನುಸರ ಡಾಕ್ಟ್ರು ಎಲ್ಲಿ ನೋವು ಅಂತ ನನ್ನೇ ಕೇಳ್ತನೆ. ನಂಗೇ ಗೊತ್ತಿದ್ರೆ ಅವನ್ತಾವ ಯಾಕ್ಲಾ ಓಗ್ಬೇಕಿತ್ತು?"

ಒಂದು ದಿನ ಧೈರ್ಯ ಮಾಡಿ ಹಸುವಿನ ಡಾಕ್ಟರಿಗೇ ಸೀರೆ ಮಂಡಿಯ ತನಕ ಎತ್ತಿ ತೋರಿಸಿದಳು. ಅವರು ಕೈಮುಗಿದು, "ಯವ್ವಾ, ನಿನಗ ನಾಕ ಕಾಲ ಇದ್ದಿದ್ರ ನಾನ ಸೂಜಿ ಹಾಕತಿದ್ದೆ. ಎರಡ ಅದಾವ. ನನಗ ಅಧಿಕಾರ ಇಲ್ಲ" ಎಂದರು.

ಅವರನ್ನು ನಾನು ಬಿಡುತ್ತೇನೆಯೇ? ನನ್ನ ಪಾತ್ರಗಳಲ್ಲೆಲ್ಲ ಅವರದೇ ಹೆಚ್ಚು ಬೇಡಿಕೆಯದು. ಮೊಪೆಡ್ಡು ಒರಗಿಸಿ, ಪ್ಯಾಂಟು ಮೇಲೆಳೆದು, ಹಸುವಿನ ಕಿವಿ ಹಿಡಿದು ನೋಡುವುದು. ಕಣ್ಣಿನ ಕೆಳರೆಪ್ಪೆ ಇಳಿಸಿ ಒಳಗಿನ ಬಣ್ಣ ನೋಡುವುದು. ಆಮೇಲೆ ಮನೆಯವರ ಕಡೆ ತಿರುಗಿ, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವವರ ಹಾಗೆ, "ಶಗಣಿ ಹ್ಯಾಂಗೈತಿ ಯವ್ವಾ?" ಎನ್ನುವುದು. ನಮ್ಮೂರಿನ ಹೆಂಗಸರು ಈ ಒಂದು ಪ್ರಶ್ನೆಗೆ ಕೊಡುತ್ತಿದ್ದಷ್ಟು ಪ್ರಾಮಾಣಿಕ ಉತ್ತರವನ್ನು ದೇವರಿಗೂ ಕೊಟ್ಟಿರಲಿಕ್ಕಿಲ್ಲ. ಬಣ್ಣ, ಗಟ್ಟಿ ಎಷ್ಟು, ನೀರು ಎಷ್ಟು, ವಾಸನೆ, ನಿನ್ನೆಗೂ ಇವತ್ತಿಗೂ ವ್ಯತ್ಯಾಸ, ಎಲ್ಲ ಒಪ್ಪಿಸುತ್ತಿದ್ದರು.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಡೇರಿಯಿಂದ ವಾಪಸು ಬಂದ ಐದಾರು ಹೆಂಗಸರು ಖಾಲಿ ಕ್ಯಾನು ಪಕ್ಕಕ್ಕಿಟ್ಟು ಅತ್ತೆಯ ಜಗಲಿ ಮೇಲೆ ಕೂತಿದ್ದರು. ಅತ್ತೆ ಗೋಡೆಗೆ ಒರಗಿದ್ದಳು. ಕೆಲವು ವಾರದಿಂದ ಹಾಗೇ ಇದ್ದಳು. ಡೇರಿಗೆ ಹೋಗುವಾಗ ನಡುವೆ ಎರಡು ಕಡೆ ಕ್ಯಾನು ಇಳಿಸಿ ಏದುಸಿರು ಬಿಡುವಳು, ಕೇಳಿದರೆ ಬಿಸಿಲು ಎನ್ನುವಳು. ಬೆಳಿಗ್ಗೆ ಆರು ಗಂಟೆಯ ಬಿಸಿಲು! ನಾವು ಅದನ್ನೂ ನಂಬಿದ್ದೆವು.

"ಲೇ, ಹಸೀನ್ ಡಾಕ್ಟ್ರು ಮಾಡ್ಲಾ," ಎಂದಳು ಒಬ್ಬಳು.

ಮಾಡಿದೆ. ಹೆಂಗಸರನ್ನೇ ಸಾಲಾಗಿ ಕಟ್ಟಿದ ಹಸು ಎಂದುಕೊಂಡು ಒಬ್ಬೊಬ್ಬರ ಕಿವಿ ಹಿಡಿದೆ. ಒಬ್ಬಳಿಗೆ ಮೇವು ಕಡಿಮೆ ಎಂದೆ. ಇನ್ನೊಬ್ಬಳಿಗೆ, "ಇದಕ್ಕ ಬಾಯಿರೋಗ ಐತಿ, ಬಾಯಿ ಮುಚ್ಚೂದೇ ಇಲ್ಲ" ಎಂದೆ. ಹೊಡೆತ ತಿಂದೆ. ನಗು ಬೀದಿ ತನಕ ಹೋಯಿತು. ಕೊನೆಗೆ ಅತ್ತೆಯ ಮುಂದೆ ಕುಕ್ಕರಿಸಿ, ಹೆಬ್ಬೆರಳಿಂದ ಅವಳ ಕಣ್ಣಿನ ಕೆಳರೆಪ್ಪೆ ಇಳಿಸಿದೆ. ಒಳಗೆ ಕೆಂಪು ಇರಬೇಕಾದಲ್ಲಿ ತೊಳೆದ ಬಟ್ಟೆಯ ಬಣ್ಣ ಇತ್ತು. ನೋಡಿದೆ, ಆದರೆ ಮನಸ್ಸಿಗೆ ಬರಲಿಲ್ಲ. ಪಾತ್ರದೊಳಗೆ ಇದ್ದೆನಲ್ಲ.

"ಶಗಣಿ ಹ್ಯಾಂಗೈತಿ ಯವ್ವಾ?"

ಆ ದನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನಾಕ್ ದಿನದಿಂದ ಕರ್ರಗದೆ ಸ್ವಾಮಿ. ರಸ್ತೆಗೆ ಉಯ್ಯೋ ಟಾರು ಇದ್ದಂಗೆ. ಅಂಟಂಟು. ಕೆಟ್ ನಾತ."

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಲೇ, ಪಾತ್ರದ ಮುಂದಿನ ಮಾತು ಬಾಯಿಗೆ ತಾನಾಗಿ ಬಂತು. ಹಿಂದಿನ ತಿಂಗಳು ಯಾರದೋ ಹಸುವಿಗೆ ಸಗಣಿ ಕಪ್ಪಾದಾಗ ಅವರು ಹೇಳಿದ್ದು ನನಗೆ ಅಕ್ಷರ ಬಿಡದೆ ಬಾಯಿಪಾಠವಿತ್ತು. "ಒಳಗ ರಗತ ಸೋರಾಕತ್ತೈತಿ ಯವ್ವಾ. ತಡಾ ಮಾಡಬ್ಯಾಡ."

ಹೇಳಿ ಮುಗಿಸಿದ ಮೇಲೆ ನನಗೆ ಕೇಳಿಸಿತು.

ನಗು ಒಬ್ಬೊಬ್ಬರದಾಗಿ ನಿಂತಿತು. ನಾನು ಮತ್ತೆ ಅತ್ತೆಯ ರೆಪ್ಪೆ ಇಳಿಸಿ ನೋಡಿದೆ. ಈ ಸಲ ನಾನೇ ನೋಡಿದೆ. "ಅತ್ತೆ, ತಮಾಸೆ ಅಲ್ಲ. ದಿಟ ಯೋಳು. ಕರ್ರಗದಾ?"

"ಊಂ ಕಣ್ಲಾ. ಅದ್ಯಾಕ್ ಅಂಗ್ ನೋಡಿಯೆ? ಸೊಪ್ಪು ತಿಂದಿದ್ದೆ, ಅದ್ಕೆ ಅಂದ್ಕಂಡೆ."

ನಮ್ಮಪ್ಪ ಊರಿನ ಮೆಟಡೋರು ಮಾತಾಡಿ ಬರುವುದರೊಳಗೆ ಅತ್ತೆ ಮೂರು ಸಲ ಬರುವುದಿಲ್ಲ ಎಂದಳು. ಅವಳ ತಕರಾರು ರಕ್ತದ್ದಲ್ಲ. "ಸಂದೆಗೆ ಹಸ ಯಾರ್ ಕರೀತರೆ? ಒಂದೊತ್ತು ಬುಟ್ರೆ ಕೆಚ್ಚಲು ಬಾತ್ಕತದೆ. ಆಮ್ಯಾಕೆ ಡೇರಿಗೆ ಏನ್ ಉಯ್ಯಾನ?"

"ನಾನ್ ಕರೀತೀನಿ," ಎಂದೆ.

ಅಷ್ಟು ಸುಸ್ತಿನಲ್ಲೂ ಅವಳಿಗೆ ನಗು ಬಂತು.

ಪಾಂಡವಪುರದ ಡಾಕ್ಟರು ಕಣ್ಣು ನೋಡಿದರು, ನಾಡಿ ನೋಡಿದರು, ಬಿಪಿ ನೋಡಿದರು. ಕೆಮ್ಮಲು ಅವರಿಗೆ ಸಮಯವಿರಲಿಲ್ಲ. ಕೈಗೆ ಬಾಟಲಿ ಹಾಕಿಸುತ್ತ ಯಾವ ಮಾತ್ರೆ ತಗೊಳ್ಳುತ್ತಿದ್ದೀಯ ಎಂದು ಕೇಳಿದರು. ಅತ್ತೆ ಎಲೆಅಡಿಕೆ ಚೀಲವನ್ನು ಮೇಜಿನ ಮೇಲೆ ಸುರಿದಳು. ಅಡಿಕೆ ಹೋಳಿನ ಜೊತೆ ಹಳದಿ, ಕೆಂಪು, ಬಿಳಿ, ಕಿತ್ತಳೆ ಬಣ್ಣದ ಮಾತ್ರೆಗಳು ಉರುಳಿದವು. ಒಂದಕ್ಕೆ ಸುಣ್ಣ ಮೆತ್ತಿತ್ತು.

ಡಾಕ್ಟರು ಪೆನ್ನಿನಿಂದ ಮೂರನ್ನು ಒಂದು ಕಡೆಗೆ ಸರಿಸಿದರು. "ಬಣ್ಣ ಬೇರೆ ಬೇರೆ. ಮೂರೂ ಒಂದೇ ಜಾತಿ. ನೋವು ಕಡಿಮೆ ಮಾಡ್ತದೆ, ಊತ ಇಳಿಸ್ತದೆ, ಹೊಟ್ಟೆ ಒಳಗಿನ ಪದರ ಸುಡ್ತದೆ. ಮೂರು ಬಣ್ಣ ನುಂಗಿದ್ರೆ ನೋವು ಮೂರು ಪಾಲು ಕಮ್ಮಿಯಾಗಲ್ಲ, ಹುಣ್ಣು ಮಾತ್ರ ಮೂರು ಪಾಲು ಬೇಗ ಆಗ್ತದೆ. ನಾನು ಬರೆದದ್ದು ಹಳದಿ. ಐದು ದಿನಕ್ಕೆ. ಊಟ ಆದ್ಮೇಲೆ. ಹೊಟ್ಟೆ ಉರಿದ್ರೆ ನಿಲ್ಸಿ ಬಾ ಅಂತ ಹೇಳಿದ್ದೆ. ಎರಡು ವರ್ಷ ನುಂಗು ಅಂತ ಯಾರು ಹೇಳಿದ್ದು?"

"ನೀವೇ ಯೋಳುದ್ರಂತಲ್ಲ ಸ್ವಾಮಿ, ನೋವಾದಾಗ ಒಂದು ಅಂತ," ಎಂದು ಅತ್ತೆ ನನ್ನ ಕಡೆ ಕೈ ತೋರಿಸಿದಳು. ದೂರಿನ ದನಿಯಲ್ಲಲ್ಲ, ಸಾಕ್ಷಿ ತೋರಿಸುವ ದನಿಯಲ್ಲಿ. "ಇವ ನಿಮ್ಮಂಗೇ ಯೋಳ್ದ. ಒಂಚೂರೂ ಎಚ್ಚುಕಮ್ಮಿ ಇಲ್ದಂಗೆ."

ನಾನು ನೆಲ ನೋಡಿದೆ. ಆ ಕ್ಲಿನಿಕ್ಕಿನ ನೆಲದ ಪ್ರತಿ ಕಲ್ಲೂ ಇವತ್ತಿಗೂ ನನಗೆ ನೆನಪಿದೆ. ಅವರು ಕೆಮ್ಮಿದ್ದನ್ನು ಮನೆಗೆ ತಂದಿದ್ದೆ, ಹೇಳಿದ್ದನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಅವರು ಬೈಯಲಿಲ್ಲ. ಬೈದಿದ್ದರೆ ಆಮೇಲೆ ಅದನ್ನಾದರೂ ಅನುಕರಿಸಬಹುದಿತ್ತು. ಮೈಸೂರಿಗೆ ಒಂದು ಕಾಗದ ಬರೆದುಕೊಟ್ಟು, "ಈಗಲೇ ಹೊರಡಿ, ದಾರೀಲಿ ಎಲ್ಲೂ ನಿಲ್ಬೇಡಿ" ಎಂದರು.

ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಅತ್ತೆ ವಾಂತಿ ಮಾಡಿಕೊಂಡಳು. ಕಾಫಿ ಸೋಸಿ ಉಳಿದ ಪುಡಿಯಂಥದ್ದು. ಮೈ ತಣ್ಣಗೆ, ಹಣೆಯಲ್ಲಿ ಬೆವರು. ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದವಳು ಸೇತುವೆ ಮೇಲೆ ಕಣ್ಣು ಬಿಟ್ಟು, "ಯಾಕ್ಲಾ ಸುಮ್ಕಿದ್ದೀಯೆ? ಯಾರ್ದಾರಾ ಮಾಡ್ಲಾ ಒಂದ್ಸಲ" ಎಂದಳು. ನಾನು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ನಮ್ಮಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಿ, ಮತ್ತೆ ರಸ್ತೆ ಕಡೆ ಮುಖ ಮಾಡಿದ.

ಮೈಸೂರಿನಲ್ಲಿ ಬಾಯಿಯ ಮೂಲಕ ಪೈಪು ಬಿಟ್ಟು ನೋಡಿದರು. ಹೊಟ್ಟೆಯಲ್ಲಿ ಹುಣ್ಣು, ಅದರಿಂದ ರಕ್ತ. ಆಪರೇಷನ್ ಬೇಕಾಗಲಿಲ್ಲ, ರಕ್ತ ಬೇಕಾಯಿತು. ಒಂದು ಬಾಟಲಿ ನಮ್ಮಪ್ಪ, ಒಂದು ನಾನು ಕೊಟ್ಟೆವು. ನನ್ನದು ಏರುತ್ತಿರುವಾಗ ಅತ್ತೆ ನರ್ಸಿಗೆ, "ಇವಂದು ಬ್ಯಾಡ ಕಣವ್ವಾ, ನಾಳಿಂದ ನಾನೂ ಸಿಕ್ಕಸಿಕ್ಕೋರ್ನ ಅಣಕ ಮಾಡ್ತೀನಿ" ಎಂದಳಂತೆ. ಅದನ್ನು ಕೇಳಿದ ಮೇಲೆ ನನಗೆ ಉಸಿರು ಬಂತು.

ಆದರೆ ನಾನು ಊರಿಗೆ ಓಡಬೇಕಾಗಿತ್ತು. ಹಸು ಕರೆಯುತ್ತೇನೆ ಎಂದು ಹೇಳಿದ್ದೆನಲ್ಲ. ನಮ್ಮವ್ವನನ್ನು ಆ ಹಸುಗಳು ಹತ್ತಿರ ಬಿಡುತ್ತಿರಲಿಲ್ಲ. ಅತ್ತೆಯ ವಾಸನೆ ಬೇಕು, ಅತ್ತೆಯ ದನಿ ಬೇಕು. ಹೀಗಾದಾಗ ನಮ್ಮ ಕಡೆ ಗಂಡಸರು ಹೆಂಗಸರ ಸೀರೆ ಸುತ್ತಿಕೊಂಡು ಕೂರುವುದುಂಟು. ನಾನೂ ಅತ್ತೆಯ ಹಳೇ ಸೀರೆ ತಲೆ ತುಂಬ ಹೊದ್ದು, ಬಕೆಟ್ಟು ಹಿಡಿದು, ಅವಳ ದನಿಯಲ್ಲಿ, "ಬಾ ನನ್ ತಾಯೇ, ಇಳುಸು ನನ್ ಬಂಗಾರಿ" ಎಂದೆ. ಕಪ್ಪು ಹಸು ಮರುಳಾಗಿ ಹಾಲು ಇಳಿಸಿತು. ಕೆಂಪು ಹಸು ತಿರುಗಿ ಒಂದು ಸಲ ನೋಡಿತು, ಮೂಸಿತು, ಆಮೇಲೆ ಒದೆಯಿತು. ನನ್ನ ಕಲೆಯಲ್ಲಿ ತಪ್ಪು ಕಂಡುಹಿಡಿದ ಮೊದಲ ವಿಮರ್ಶಕಿ ಅದು. ದನಿ ಅತ್ತೆಯದಾದರೂ ಕೈ ನನ್ನದೆಂದು ಅದಕ್ಕೆ ಗೊತ್ತಾಗಿತ್ತು.

ಇನ್ನೊಂದು ವಿಷಯ ಆ ವಾರ ನನಗೆ ಗೊತ್ತಾಯಿತು. ಇಪ್ಪತ್ತೊಂದರ ವಯಸ್ಸಿನ ಮಂಡಿ ನನ್ನದು. ಎರಡು ಹಸು ಕರೆದು ಏಳುವಾಗ ನಾನೂ ಬಾಲ ಹಿಡಿದುಕೊಂಡೆ.

ಅತ್ತೆ ಹತ್ತು ದಿನಕ್ಕೆ ಮನೆಗೆ ಬಂದಳು. ತಿಂಗಳ ಮೇಲೆ ಪಾಂಡವಪುರದ ಡಾಕ್ಟರಿಗೆ ತೋರಿಸಲು ಹೋದೆವು. ಅವರು ಈ ಸಲ ಚೀಟಿಯ ಕಡೆ ನೋಡಿಕೊಂಡೇ ಎಲ್ಲ ಹೇಳಿ, ಮುಗಿಸಿ, ಪೆನ್ನು ನನ್ನ ಕಡೆ ಚಾಚಿದರು. "ನಾನೇನು ಹೇಳ್ದೆ? ಹೇಳು ನೋಡೋಣ."

ಭಯ ಹುಟ್ಟಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಬಾಯಿ ತೆರೆದರೆ ಹೊರಗೆ ಬಂದದ್ದು ಅವರೇ. "ಉಹ್ಹು ಉಹ್ಹು. ಹುಣ್ಣಿನ ಮಾತ್ರೆ ಊಟಕ್ಕೆ ಮುಂಚೆ, ಹೇಳಿದಷ್ಟು ದಿನ ಬಿಡದೆ, ಬಿಡದೆ. ಕೆಂಪು ಹಳದಿ ಯಾವುದೂ ಇನ್ನು ಈಯಮ್ಮನಿಗೆ ಬೇಡ. ಉಹ್ಹು ಉಹ್ಹು. ನೋವು ತಡೀಲಾರದಷ್ಟು ಆದ್ರೆ ಬರೀ ಪ್ಯಾರಾಸಿಟಮಾಲ್, ಅದೂ ನಾನು ಬರೆದಷ್ಟೇ, ಬರೆದಷ್ಟೇ. ಮಂಡಿಗೆ ಬಿಸಿನೀರಿನ ಶಾಖ. ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ ಹತ್ತು ಎಣಿಸೋದು. ಕುಕ್ಕರಗಾಲು ಬಿಟ್ಟು ಸ್ಟೂಲ್ ಮೇಲೆ ಕೂತು ಹಾಲು ಕರೆಯೋದು. ಉಪವಾಸ ಬಂದ್. ಮತ್ತೆ ಕಪ್ಪಗೆ ಹೋದ್ರೆ ಅವತ್ತೇ ಬರೋದು, ನಾಳೆ ಅಲ್ಲ."

ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರು ಗೋಡೆ ಕಡೆ ತಿರುಗಿ ನಿಂತ, ಅವನ ಬೆನ್ನು ಅಲುಗುತ್ತಿತ್ತು. ಡಾಕ್ಟರು ಮೊದಲ ಬಾರಿಗೆ ತಲೆ ಎತ್ತಿ ನನ್ನ ಮುಖ ನೋಡಿದರು. "ನಾನು ಹಂಗಾ ಮಾತಾಡೋದು?"

"ಅಂಗೇ ಸ್ವಾಮಿ," ಎಂದಳು ಅತ್ತೆ. "ಈಗ್ಲೇ ಒಸಿ ವಾಸಿ ಮಾಡವ್ನೆ."

ಡಾಕ್ಟರು ಕೆಮ್ಮಲು ಹೋಗಿ ತಡೆದುಕೊಂಡರು. ಆಮೇಲೆ ಹೇಳಿದರು. "ಒಂದೂ ತಪ್ಪಿಲ್ಲ. ಇದನ್ನ ಊರಲ್ಲೂ ಹಿಂಗೇ ಹೇಳು. ಈ ಮಾತ್ರೆ ವಿಷ ಅಂತ ಮಾತ್ರ ಹೇಳ್ಬೇಡ. ಎಷ್ಟೋ ಜನ ಇದರಿಂದ ಎದ್ದು ಓಡಾಡ್ತಾರೆ. ತುಂಬಿದ ಹೊಟ್ಟೆಗೆ, ಒಂದೇ ಜಾತಿದು, ಸಾಕಾಗೋ ಅಷ್ಟು ಕಮ್ಮಿ, ಸಾಕಾಗೋ ಅಷ್ಟು ದಿನ. ವಯಸ್ಸಾದವರು, ಬಿಪಿ, ಕಿಡ್ನಿ ತೊಂದರೆ ಇರೋರು, ಹಿಂದೆ ಹುಣ್ಣಾದವರು ಕೇಳದೆ ಮುಟ್ಟಬಾರದು. ಅಷ್ಟೇ."

ಹೇಳಿದೆ, ಡೇರಿಯ ಸಾಲಿನಲ್ಲಿ, ಕೆಮ್ಮು ಸಮೇತ. ಎಲ್ಲರೂ ಕೇಳಿದರು, ನಕ್ಕರು. ಮಾತ್ರೆ ಹಂಚುವುದು ನಿಂತಿತು ಎಂದು ಹೇಳಲಾರೆ. ಆದರೆ ಕೊಡುವಾಗ, "ಏನಾರಾ ತಿಂದಿದ್ದೀಯಾ?" ಎಂದು ಕೇಳುವ ಪದ್ಧತಿ ಬಂತು. ಕೆಂಪು ಮಾತ್ರೆಯ ಅಕ್ಕ ಅಳಿಯನನ್ನು ಬೈದು, ತಾನೇ ಬಸ್ಸು ಹತ್ತಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು.

ಅತ್ತೆಗೆ ಮಂಡಿ ನೋವು ಹೋಗಲಿಲ್ಲ. ಎರಡು ವರ್ಷ ಮಾತ್ರೆ ಮುಚ್ಚಿಟ್ಟಿದ್ದ ನೋವೆಲ್ಲ ವಾಪಸು ಬಂದು ಕೂತಿತು. ಸ್ಟೂಲಿಗೆ ಕಪ್ಪು ಹಸು ಒಪ್ಪಿತು, ಕೆಂಪು ಒಪ್ಪಲಿಲ್ಲ. ಹೀಗಾಗಿ ಕಪ್ಪು ಅವಳಿಗೆ, ಕೆಂಪು ನನಗೆ ಎಂದು ಪಾಲಾಯಿತು. ಡೇರಿಯ ಪುಸ್ತಕದಲ್ಲಿ ಮಾತ್ರ ಎರಡು ಹಸುವಿನ ಹಾಲೂ ಅವಳ ಹೆಸರಿಗೇ. ನಾನು ಆಳು. ಅದಕ್ಕೆ ನನ್ನ ತಕರಾರಿರಲಿಲ್ಲ. ನಾನು ತಕರಾರು ಮಾಡುವ ಹಾಗೂ ಇರಲಿಲ್ಲ.

ಅವಳು ಒಪ್ಪದೇ ಹೋದದ್ದು ಒಂದೇ, ಉಪವಾಸ ಬಂದ್ ಎನ್ನುವ ಮಾತು. ಶಿವನಿಗೆ ನಡೆದುಕೊಂಡು ಬಂದದ್ದು, ಡಾಕ್ಟರು ಹೇಳಿದರೆಂದು ನಿಲ್ಲಿಸಲು ಡಾಕ್ಟರೇನು ಶಿವನಿಗಿಂತ ದೊಡ್ಡವನೇ ಎಂದು ಎರಡು ದಿನ ವಾದ ಮಾಡಿದಳು. ನಮ್ಮವ್ವ ಅತ್ತಳು, ನಮ್ಮಪ್ಪ ಕೂಗಾಡಿದ. ಮೂರನೆಯ ದಿನ, ಭಾನುವಾರ, ಅವಳೇ ನನ್ನನ್ನು ಕರೆದು ತೀರ್ಮಾನ ಹೇಳಿದಳು.

"ಲೇ, ನಿಂಗೆ ನನ್ ದನಿ ಬತ್ತದೆ ತಾನೇ?"

"ಬತ್ತದೆ."

"ನನ್ ನಡಿಗೆ ಬತ್ತದೆ. ನನ್ ಸೀರೆ ಉಟ್ಟು ನನ್ ಹಸೀಗೆ ಮೋಸ ಮಾಡಿದ್ದೀಯೆ."

"ಊಂ."

"ಅಂಗಾರೆ ನಾಳಿಂದ ಸೋಮವಾರನೂ ನೀನೇ ಮಾಡು. ನನ್ ಬದ್ಲು. ಸಂದೆ ದೀಪ ಅಚ್ಚೋಗಂಟ ಬಾಯಿಗೆ ಏನೂ ಆಕ್ಕೂಡ್ದು. ಅಣಕ ಮಾಡದಾದ್ರೆ ಪೂರ್ತಿ ಮಾಡ್ಬೇಕು ಕಣ್ಲಾ."

ಮಾಡಿದೆ. ಮೊದಲ ಸೋಮವಾರ ಹನ್ನೊಂದು ಗಂಟೆಗೆ ಕಣ್ಣು ಕತ್ತಲೆ ಬಂತು. ಅವಳು ಇಂಥ ಬರೀ ಹೊಟ್ಟೆಗೇ ಮಾತ್ರೆ ಹಾಕುತ್ತಿದ್ದಳಲ್ಲ ಎಂದು ಆಗ ಅನ್ನಿಸಿತು. ಮಧ್ಯಾಹ್ನ ಅತ್ತೆ ನನ್ನೆದುರಿಗೇ ಕಾಲು ನೀಡಿಕೊಂಡು ಕೂತು, ತಟ್ಟೆ ತುಂಬ ಮುದ್ದೆ, ಬಸ್ಸಾರು ಹಾಕಿಕೊಂಡಳು. ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗುವ ಮೊದಲು ನನ್ನ ಕಡೆ ನೋಡಿದಳು.

"ಉಪ್ಪು ಒಸಿ ಮುಂದಾಗದೆ," ಎಂದಳು. "ಆದ್ರೂ ಚೆನ್ನಾಗದೆ. ನೀನ್ ಆ ಕಡೆ ಮಕ ಮಾಡ್ಕೊ ಓಗು, ದೃಷ್ಟಿ ಆಯ್ತದೆ."